ಲೆಕ್ಕಪುಸ್ತಕದಲ್ಲಿ ಹೆಸರಿಲ್ಲದ ಪಾಲುದಾರರು

ಹೊಸ ಅಂಗಡಿಯನ್ನೋ ಕಾರ್ಯಾಗಾರವನ್ನೋ ತೆರೆಯುವಾಗ ಧರ್ಮಗುರುವನ್ನು ಕರೆಸಿ ಆಶೀರ್ವಾದ ಪಡೆಯುವುದು ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ನಡೆದು ಬಂದಿರುವ ಒಳ್ಳೆಯ ರೂಢಿ. ಮೇಣದಬತ್ತಿಯನ್ನು ಬೆಳಗಿ ಪ್ರಾರ್ಥಿಸಲಾಗುತ್ತದೆ. ಕಪಾಟುಗಳಿಂದ ಹಿಡಿದು ಗಲ್ಲಾಪೆಟ್ಟಿಗೆಯವರೆಗೆ ಪವಿತ್ರ ಜಲ ಸಿಂಪಡಿಸಲಾಗುತ್ತದೆ. ಹಿರಿಯರು ನಾಲ್ಕು ಶುಭನುಡಿಗಳನ್ನಾಡುತ್ತಾರೆ. ಬಳಿಕ ಕೇಕು, ತಂಪು ಪಾನೀಯ. ಕಾಲು ಶತಮಾನವನ್ನು ಮೀರಿದ ನನ್ನ ಗುರುಜೀವನದಲ್ಲಿ ಇಂತಹ ಅನೇಕ ಸಮಾರಂಭಗಳಲ್ಲಿ ನಾನು ಪಾಲ್ಗೊಂಡಿದ್ದೇನೆ. ಬಂಡವಾಳ ಎಷ್ಟಾಯಿತು, ಸಾಲ ಎಲ್ಲಿಂದ ದೊರೆಯಿತು, ಗಿರಾಕಿಗಳು ಬರುವ ಸ್ಥಳವೇ ಎಂದೆಲ್ಲ ಆಸಕ್ತಿಯಿಂದ ವಿಚಾರಿಸಿದ್ದೇನೆ. ಆದರೆ ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ಬಹುಕಾಲ ಯಾರನ್ನೂ ಕೇಳಲಿಲ್ಲ. ಆ ಪ್ರಶ್ನೆಯನ್ನು ನನಗೆ ಕಲಿಸಿದವರು ಒಬ್ಬ ಗೃಹಿಣಿ.

ಹಿಂದೆ ನಾನು ಸೇವೆಯಲ್ಲಿದ್ದ ಧರ್ಮಕೇಂದ್ರವೊಂದರಲ್ಲಿ ನಡೆದ ಸಂಗತಿಯಿದು. ದೃಢೀಕರಣ ಸಂಸ್ಕಾರಕ್ಕೆ ಸಿದ್ಧರಾಗುತ್ತಿದ್ದ ಮಕ್ಕಳು ಅರ್ಜಿಗಳನ್ನು ತಂದು ಒಪ್ಪಿಸುತ್ತಿದ್ದ ದಿನಗಳು. ಒಂದು ಸಂಜೆ ಆ ಗೃಹಿಣಿ ಕಚೇರಿಗೆ ಬಂದು, ಮಗನು ಅದಾಗಲೇ ಕೊಟ್ಟಿದ್ದ ಅರ್ಜಿಯನ್ನು ಹಿಂದಕ್ಕೆ ಕೇಳಿದರು. ಕಾರಣ ವಿಚಾರಿಸಿದೆ. ತಂದೆಯ ಸಹಿ ಇರಬೇಕಾದ ಸ್ಥಳದಲ್ಲಿ ಮಗನೇ ಸಹಿ ಹಾಕಿದ್ದನು. ಅದು ತುಂಟತನದಿಂದ ಮಾಡಿದ ಕೆಲಸವಾಗಿರಲಿಲ್ಲ. ಎರಡು ವರ್ಷಗಳಿಂದ ಶಾಲೆಯ ಅಂಕಪಟ್ಟಿಯಿಂದ ಹಿಡಿದು ಪ್ರವಾಸದ ಒಪ್ಪಿಗೆಪತ್ರದವರೆಗೆ ಎಲ್ಲದಕ್ಕೂ ಅವನೇ ತಂದೆಯ ಸಹಿ ಹಾಕುತ್ತ ಬಂದಿದ್ದನಂತೆ. ಅವನು ಏಳುವ ಮೊದಲೇ ತಂದೆ ಅಂಗಡಿಗೆ ಹೊರಟಿರುತ್ತಿದ್ದರು. ಅವನು ಮಲಗಿದ ಮೇಲೆ ಹಿಂದಿರುಗುತ್ತಿದ್ದರು.

"ಫಾದರ್, ಇವರು ಗಲ್ಫಿನಲ್ಲಿದ್ದಾಗ ವಾರಕ್ಕೊಮ್ಮೆ ಫೋನಿನಲ್ಲಾದರೂ ಮಕ್ಕಳೊಡನೆ ಮಾತನಾಡುತ್ತಿದ್ದರು. ಈಗ ಅಂಗಡಿ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿದೆ. ಮಾತೇ ಇಲ್ಲ" ಎಂದರು ಆ ತಾಯಿ. ಅವರು ಅಳಲಿಲ್ಲ. ಲೆಕ್ಕ ಒಪ್ಪಿಸುವವರಂತೆ ಹೇಳಿದರು.

ಮಾತು ಮುಂದುವರಿದಂತೆ ಇತರ ವಿಷಯಗಳೂ ತಿಳಿದುಬಂದವು. ಮದುವೆಯ ಚಿನ್ನ ಅಂಗಡಿಗಾಗಿ ಅಡವಿಗೆ ಹೋಗಿತ್ತು. ಮನೆಯ ದಾಖಲೆಪತ್ರಗಳೂ ಸಾಲದ ಭದ್ರತೆಗೆ ಸಂದಿದ್ದವು. ಮಧ್ಯಾಹ್ನ ಗಂಡ ಊಟ ಮಾಡಿ ಸರಕು ತರಲು ಹೋದಾಗಲೆಲ್ಲ ಗಲ್ಲಾಪೆಟ್ಟಿಗೆಯ ಬಳಿ ಕುಳಿತುಕೊಳ್ಳುತ್ತಿದ್ದವರು ಇವರೇ. ಅಂಗಡಿಯ ಹುಡುಗನ ಸಂಬಳ ಲೆಕ್ಕಪುಸ್ತಕದಲ್ಲಿ ತಿಂಗಳು ತಪ್ಪದೆ ದಾಖಲಾಗುತ್ತಿತ್ತು. ಇವರ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಆ ಅಂಗಡಿಯನ್ನು ಆಶೀರ್ವದಿಸಿದವನು ನಾನೇ. ಹಗಲಿರುಳೆನ್ನದೆ ದುಡಿಯುವವನ ಕೈಯನ್ನು ದೇವರು ಬಿಡುವುದಿಲ್ಲವೆಂದು ಅಂದು ನಾನು ಭಾಷಣ ಮಾಡಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಆ ಗೃಹಸ್ಥರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದರಷ್ಟೆ.

ಸ್ವಂತ ಉದ್ಯಮ ಅನಿವಾರ್ಯವಾದಾಗ

ಸ್ವಂತ ವ್ಯಾಪಾರಕ್ಕೆ ಕೈಹಾಕುವವರನ್ನು ದೂರುವುದು ಈ ಲೇಖನದ ಉದ್ದೇಶವಲ್ಲ. ಕಾರ್ಕಳ–ಪಡುಬಿದ್ರಿ ರಸ್ತೆಯಲ್ಲಿ ಬೆಳ್ಮಣ್ ಪೇಟೆಯನ್ನು ಹಾದು ಹೋಗುವವರು ಇಕ್ಕೆಲಗಳ ಅಂಗಡಿಗಳ ಫಲಕಗಳನ್ನು ಓದಿದರೆ ಸಾಕು, ನಮ್ಮ ಊರುಗಳ ಕಥೆ ಅಲ್ಲಿಯೇ ತಿಳಿಯುತ್ತದೆ. ಒಂದು ಕಾಲದಲ್ಲಿ ಮುಂಬಯಿಗೆ, ಅನಂತರ ಗಲ್ಫ್ ರಾಷ್ಟ್ರಗಳಿಗೆ ಮಕ್ಕಳನ್ನು ಕಳುಹಿಸಿ ಬದುಕು ಕಟ್ಟಿಕೊಂಡ ಊರುಗಳಿವು. 1990ರ ಆಗಸ್ಟ್ ತಿಂಗಳಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ನಮ್ಮವರು ಉಟ್ಟ ಬಟ್ಟೆಯಲ್ಲಿ ಮರಳಿದರು. 2020ರಲ್ಲಿ ಕೊರೋನಾ ವ್ಯಾಧಿ ಜಗತ್ತನ್ನು ಕಾಡಿದಾಗ ಮತ್ತೊಮ್ಮೆ ಅನೇಕರು ಕೆಲಸ ಕಳೆದುಕೊಂಡು ಹಿಂದಿರುಗಿದರು. ಪರರ ನಾಡಿನ ಉದ್ಯೋಗ ಎಷ್ಟು ಸಂಬಳ ತಂದರೂ ಅದು ನಮ್ಮ ಕೈಯಲ್ಲಿರುವುದಲ್ಲ ಎಂಬ ಪಾಠವನ್ನು ಎರಡು ತಲೆಮಾರುಗಳು ಕಷ್ಟಪಟ್ಟು ಕಲಿತಿವೆ.

ಆದುದರಿಂದ ಊರಿನಲ್ಲಿಯೇ ನೆಲೆನಿಂತು ಬೇಕರಿ, ವೆಲ್ಡಿಂಗ್ ಕಾರ್ಯಾಗಾರ, ಹೈನುಗಾರಿಕೆ, ಹೊಲಿಗೆ ಕೇಂದ್ರ, ಕೇಟರಿಂಗ್ ಎಂದು ಏನನ್ನಾದರೂ ಆರಂಭಿಸಬೇಕೆಂಬ ಹಂಬಲ ಸಹಜವಾದುದು, ಪ್ರಶಂಸಾರ್ಹವಾದುದು. ಹಾಗೆ ಹಿಂದಿರುಗುವವರಲ್ಲಿ ಬಹುಮಂದಿ ಹೇಳುವ ಮೊದಲ ಕಾರಣವೂ ಕುಟುಂಬವೇ: "ಇನ್ನಾದರೂ ಹೆಂಡತಿ ಮಕ್ಕಳೊಡನೆ ಇರೋಣವೆಂದು ಬಂದೆ ಫಾದರ್." ಕುಟುಂಬದ ಜೊತೆಗಿರಲೆಂದು ಆರಂಭಿಸಿದ ಉದ್ಯಮವೇ ಕುಟುಂಬವನ್ನು ದೂರಮಾಡುವುದು ಹೇಗೆ? ನಾವು ಚಿಂತಿಸಬೇಕಾದ ವಿಷಯವಿದು.

ಮಿತಿಯುಳ್ಳ ಗಳಿಕೆ, ಮಿತಿಯಿಲ್ಲದ ಗಳಿಕೆ

ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಅಭ್ಯಸಿಸುವಾಗ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನ 'ರಾಜನೀತಿ' ಗ್ರಂಥವನ್ನು ಓದಿದ್ದೆವು. ಅಂದು ಪರೀಕ್ಷೆಗಾಗಿ ಓದಿದ ಒಂದು ವಿಚಾರದ ಬೆಲೆ ನನಗೆ ಅರಿವಾದುದು ಧರ್ಮಕೇಂದ್ರಗಳಲ್ಲಿ ಕೆಲಸ ಮಾಡತೊಡಗಿದ ಮೇಲೆ. ಇಂದು ನಾವು ಅರ್ಥಶಾಸ್ತ್ರಕ್ಕೆ ಬಳಸುವ ಇಂಗ್ಲಿಷ್ ಪದದ ಮೂಲ ಗ್ರೀಕ್ ಭಾಷೆಯ 'ಓಯಿಕೊನೊಮಿಯಾ'. ಅದರ ಅರ್ಥ ಮನೆಯ ನಿರ್ವಹಣೆ. ಅರಿಸ್ಟಾಟಲನು ಗಳಿಕೆಯಲ್ಲಿ ಎರಡು ಬಗೆಗಳನ್ನು ಗುರುತಿಸುತ್ತಾನೆ. ಮನೆಯ ಅಗತ್ಯಕ್ಕಾಗಿ ಗಳಿಸುವುದು ಒಂದು ಬಗೆ; ಅಗತ್ಯಕ್ಕೆ ಒಂದು ಅಳತೆಯಿರುವುದರಿಂದ ಆ ಗಳಿಕೆಗೂ ಅಳತೆಯಿದೆ. ಹಣದಿಂದ ಹಣವನ್ನು ಹೆಚ್ಚಿಸುತ್ತ ಹೋಗುವುದು ಇನ್ನೊಂದು ಬಗೆ. ಅದಕ್ಕೆ ತನ್ನಷ್ಟಕ್ಕೆ ಯಾವ ಎಲ್ಲೆಯೂ ಇಲ್ಲ.

ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಇದೇ ಚಿಂತನೆಯನ್ನು ಮುಂದುವರಿಸಿದರು. ವ್ಯಾಪಾರದ ಲಾಭವು ತನ್ನಷ್ಟಕ್ಕೆ ಪಾಪವೂ ಅಲ್ಲ, ಪುಣ್ಯವೂ ಅಲ್ಲ. ಮನೆಯನ್ನು ಸಲಹಲು, ಬಡವರಿಗೆ ನೆರವಾಗಲು, ನಾಡಿಗೆ ಅಗತ್ಯವಾದ ವಸ್ತುಗಳನ್ನು ಒದಗಿಸಲು ಮಿತವಾದ ಲಾಭವನ್ನು ಬಯಸಿ ವ್ಯಾಪಾರ ಮಾಡುವುದು ನ್ಯಾಯಸಮ್ಮತವೆಂದು ಅವರು ಪ್ರತಿಪಾದಿಸಿದರು. ಇಲ್ಲಿ ಮನೆಯೇ ಗುರಿ, ವ್ಯಾಪಾರವು ಸಾಧನ.

ಇವೆರಡು ಸ್ಥಾನ ಬದಲಾಯಿಸಿಕೊಳ್ಳುವುದು ಒಂದೇ ದಿನದಲ್ಲಲ್ಲ. ಮೊದಲ ವರ್ಷ "ಸಾಲ ತೀರುವ ತನಕ" ಎನ್ನುತ್ತೇವೆ. ಎರಡನೆಯ ವರ್ಷ "ಇನ್ನೊಂದು ವಾಹನ ಕೊಳ್ಳುವ ತನಕ" ಎನ್ನುತ್ತೇವೆ. ಮೂರನೆಯ ವರ್ಷ ಪಕ್ಕದಲ್ಲಿ ಪ್ರತಿಸ್ಪರ್ಧಿ ಬರುತ್ತಾನೆ. ಸಾಲ ತೀರಿದ ದಿನವೂ ಅಂಗಡಿಯ ದೀಪ ರಾತ್ರಿ ಹತ್ತರವರೆಗೆ ಉರಿಯುತ್ತದೆ. ಅಷ್ಟರಲ್ಲಿ ಬೇಗ ಮನೆಗೆ ಹೋಗುವುದು ಹೇಗೆಂಬುದೇ ಮರೆತಿರುತ್ತದೆ.

ಶಂಕರಪುರದ ಮಲ್ಲಿಗೆ ಕಲಿಸುವ ಪಾಠ

ಮಿತಿಯುಳ್ಳ ಗಳಿಕೆಗೆ ಉದಾಹರಣೆಯನ್ನು ಗ್ರೀಸ್ ದೇಶದಲ್ಲಿ ಹುಡುಕಬೇಕಾಗಿಲ್ಲ. ಬೆಳ್ಮಣ್ಣಿನಿಂದ ಶಿರ್ವ ದಾಟಿ ಕಟಪಾಡಿಯ ಕಡೆಗೆ ಸಾಗಿದರೆ ಶಂಕರಪುರ ಸಿಗುತ್ತದೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿರುವ ಉಡುಪಿ ಮಲ್ಲಿಗೆಯ ತವರು ಅದು. ಅಲ್ಲಿಯೂ ಸುತ್ತಲಿನ ಊರುಗಳಲ್ಲಿಯೂ ಅನೇಕ ಕ್ರೈಸ್ತ ಕುಟುಂಬಗಳು ತಲೆಮಾರುಗಳಿಂದ ಈ ಹೂವನ್ನು ನಂಬಿ ಬದುಕಿವೆ. ಅಂಗಳದ ಬದಿಯ ಹತ್ತಿಪ್ಪತ್ತು ಗಿಡಗಳಿಂದ ಮಕ್ಕಳ ಶಾಲಾ ಶುಲ್ಕ ಕಟ್ಟಿದ ತಾಯಂದಿರು ನಮ್ಮಲ್ಲಿ ಇದ್ದಾರೆ.

ಮುಂಜಾನೆ ಬೆಳಕು ಹರಿಯುವಾಗಲೇ ಮೊಗ್ಗು ಬಿಡಿಸಬೇಕು. ಜಗಲಿಯಲ್ಲಿ ಕುಳಿತು ಬಾಳೆನಾರಿನಿಂದ ಕಟ್ಟಬೇಕು. ಸುಮಾರು ಎಂಟುನೂರು ಮೊಗ್ಗುಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೊತ್ತು ಏರುವ ಮೊದಲೇ ಹೂವು ವ್ಯಾಪಾರಿಯ ಕೈಸೇರಬೇಕು. ಅಲ್ಲಿಂದ ಅದು ಮಂಗಳೂರಿಗೆ, ಮುಂಬಯಿಗೆ ಪಯಣಿಸುತ್ತದೆ. ದರವು ದಿನದಿನಕ್ಕೂ ಬದಲಾಗುತ್ತದೆ. ಮದುವೆ, ಹಬ್ಬಗಳ ಕಾಲದಲ್ಲಿ ಗಗನಕ್ಕೇರುತ್ತದೆ, ಮರುವಾರ ನೆಲಕ್ಕಿಳಿಯುತ್ತದೆ. ಮಳೆಗಾಲದಲ್ಲಿ ಇಳುವರಿಯೇ ಕಡಿಮೆ.

ಇಷ್ಟೆಲ್ಲ ಅನಿಶ್ಚಿತತೆ ಇದ್ದರೂ ಈ ಉದ್ಯಮದಲ್ಲಿ ಒಂದು ಮಿತಿ ತಾನಾಗಿಯೇ ಇದೆ. ಹೂವು ಹೋದ ಮೇಲೆ ಅಂದಿನ ವ್ಯಾಪಾರ ಮುಗಿಯಿತು. ಎಷ್ಟೇ ಆಸೆಯಿದ್ದರೂ ನಾಳಿನ ಮೊಗ್ಗನ್ನು ಇಂದು ಬಿಡಿಸಲಾಗದು. ಜೊತೆಗೆ, ಯಾರು ಎಷ್ಟು ಕಟ್ಟಿದರೆಂಬುದು ಮನೆಮಂದಿಯ ಕಣ್ಣೆದುರಿನಲ್ಲಿಯೇ ಇರುತ್ತದೆ. ಹೂವಿನ ಹಣ ಬಹುತೇಕ ಮನೆಯೊಡತಿಯ ಕೈಗೇ ಬರುತ್ತದೆ.

ಮಲ್ಲಿಗೆಯ ಬದುಕನ್ನು ಅತಿಯಾಗಿ ವೈಭವೀಕರಿಸುವುದೂ ಸರಿಯಲ್ಲ. ಬಾಗಿ ಮೊಗ್ಗು ಬಿಡಿಸುವವರ ಸೊಂಟನೋವು, ಶಾಲೆಗೆ ತಡವಾದ ಮಕ್ಕಳ ಆತಂಕ, ದರ ಕುಸಿದ ದಿನದ ನಿಟ್ಟುಸಿರು ಇವೆಲ್ಲ ಆ ಮಾಲೆಯಲ್ಲಿ ಸೇರಿಯೇ ಇವೆ. ನಾನು ಹೇಳಬಯಸುವುದು ಇಷ್ಟೇ: ಹೂವಿಗೆ ಪ್ರಕೃತಿ ಹಾಕಿಕೊಟ್ಟ ಎಲ್ಲೆಯನ್ನು ಅಂಗಡಿಗೂ ಕಾರ್ಯಾಗಾರಕ್ಕೂ ಮನುಷ್ಯನೇ ಹಾಕಿಕೊಳ್ಳಬೇಕು. ಮೊಬೈಲ್ ಫೋನು ಬಂದ ಮೇಲೆ ಈ ಅಗತ್ಯ ಇನ್ನೂ ಹೆಚ್ಚಿದೆ. ಬಾಗಿಲು ಮುಚ್ಚಿದರೂ ಗಿರಾಕಿಯ ಕರೆ ಊಟದ ಮೇಜಿನವರೆಗೆ ಬರುತ್ತದೆ.

ಪಾಲುದಾರರ ಹಕ್ಕುಗಳು

ನಮ್ಮ ಸಣ್ಣ ಉದ್ಯಮಗಳಲ್ಲಿ ಬಹುಪಾಲು ಒಬ್ಬರ ಒಡೆತನದವು. ಇಂತಹ ವ್ಯಾಪಾರದಲ್ಲಿ ಅಂಗಡಿಯ ಸಾಲ ಬೇರೆ, ಒಡೆಯನ ಸಾಲ ಬೇರೆ ಎಂಬ ಭೇದವನ್ನು ಕಾನೂನು ಎಣಿಸುವುದಿಲ್ಲ. ವ್ಯಾಪಾರ ಮುಳುಗಿದರೆ ಒಡೆಯನ ಸ್ವಂತ ಆಸ್ತಿಯೂ ಸಾಲಕ್ಕೆ ಹೊಣೆ. ಎಂದರೆ ಹೆಂಡತಿ ಮಕ್ಕಳು ಎಲ್ಲಿಯೂ ಸಹಿ ಹಾಕದಿದ್ದರೂ ತಲೆಯ ಮೇಲಿನ ಸೂರನ್ನು ಪಣಕ್ಕೊಡ್ಡಿದವರೇ ಆಗಿರುತ್ತಾರೆ.

ಅಪರಿಚಿತರಾದ ಇಬ್ಬರು ಸೇರಿ ಪಾಲುದಾರಿಕೆ ಮಾಡಿದರೆ ಏನಾಗುತ್ತದೆ? 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ ಪ್ರಕಾರ ಪಾಲುದಾರರು ಒಬ್ಬರಿಗೊಬ್ಬರು ನಿಜವಾದ ಲೆಕ್ಕವನ್ನು ಒಪ್ಪಿಸಬೇಕು. ವ್ಯವಹಾರದ ಸಂಪೂರ್ಣ ಮಾಹಿತಿಯನ್ನು ಕೊಡಬೇಕು. ಪ್ರತಿಯೊಬ್ಬ ಪಾಲುದಾರನಿಗೂ ಲೆಕ್ಕಪುಸ್ತಕಗಳನ್ನು ನೋಡುವ ಹಕ್ಕಿದೆ. ಚಿನ್ನ ಕೊಟ್ಟು, ದುಡಿಮೆ ಕೊಟ್ಟು, ಮನೆಯನ್ನೇ ಪಣಕ್ಕಿಟ್ಟ ಮಡದಿಗೆ ಅಪರಿಚಿತ ಪಾಲುದಾರನಿಗಿರುವಷ್ಟು ಹಕ್ಕಾದರೂ ಬೇಡವೇ? ಅಂಗಡಿಯನ್ನು ಹೆಂಡತಿಯೇ ನಡೆಸುತ್ತಿದ್ದರೆ ಇದೇ ಮಾತು ಗಂಡನಿಗೂ ಅನ್ವಯಿಸುತ್ತದೆ. ಇಂದು ಹೊಲಿಗೆ, ಅಡುಗೆ, ಅಲಂಕಾರ ಕಲೆಗಳಲ್ಲಿ ಸ್ವಂತ ಉದ್ಯಮ ಕಟ್ಟಿದ ಮಹಿಳೆಯರು ನಮ್ಮ ನಡುವೆ ಅನೇಕರಿದ್ದಾರೆ. ಅವರಲ್ಲಿ ಹೆಚ್ಚಿನವರು ದಿನವಿಡೀ ದುಡಿದು ಮನೆಗೆ ಬಂದ ಬಳಿಕ ಅಡುಗೆಮನೆಯ ಎರಡನೆಯ ಪಾಳಿಯನ್ನು ಒಬ್ಬರೇ ನಿರ್ವಹಿಸುತ್ತಾರೆಂಬುದನ್ನು ಗಂಡಂದಿರು ಗಮನಿಸಬೇಕು.

ಮನೆಮಂದಿಯನ್ನು ಪಾಲುದಾರರೆಂದು ಒಪ್ಪಿಕೊಂಡರೆ ಕೆಲವು ಕ್ರಮಗಳು ತಾವಾಗಿ ಅನುಸರಿಸುತ್ತವೆ. ಮೊದಲನೆಯದಾಗಿ, ಅಂಗಡಿಯ ಹಣ ಬೇರೆ, ಮನೆಯ ಹಣ ಬೇರೆ ಇರಲಿ. ಒಡೆಯನೂ ತಿಂಗಳಿಗೆ ಇಂತಿಷ್ಟೆಂದು ತೆಗೆದುಕೊಳ್ಳಲಿ. ಅಂಗಡಿಯಲ್ಲಿ ದುಡಿಯುವ ಮನೆಯವರ ವೇತನ ಅವರವರ ಖಾತೆಗೆ ಸೇರಲಿ. ಮೊತ್ತ ಸಣ್ಣದಾಯಿತೆಂದು ಸಂಕೋಚ ಬೇಡ. 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಯೋಜನೆಯನ್ನು ತಂದಾಗ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಸಂಗ್ರಹಿಸುತ್ತಿತ್ತು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಎರಡಾಣೆಗೂ ಲೆಕ್ಕವಿರಬೇಕೆಂಬ ಆ ಶಿಸ್ತು ನಮ್ಮ ಜಿಲ್ಲೆಯ ಆಸ್ತಿ.

ಎರಡನೆಯದಾಗಿ, ಸಾಲ ಮಾಡುವ ಮೊದಲು, ಸಾಧ್ಯವಾದರೆ ಗಂಡಹೆಂಡಿರಿಬ್ಬರೂ ತರಬೇತಿ ಪಡೆಯಲಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಸ್ವಂತ ಉದ್ಯೋಗ ಮಾಡಬಯಸುವವರಿಗೆ ಉಚಿತ ತರಬೇತಿ ನೀಡುತ್ತ ಬಂದಿದೆ. ನಮ್ಮ ಜಿಲ್ಲೆಯ ಬ್ರಹ್ಮಾವರದಲ್ಲಿಯೂ ಅದರ ಕೇಂದ್ರವಿದೆ. ಲೆಕ್ಕ ಬರೆಯುವುದನ್ನು ಇಬ್ಬರೂ ಬಲ್ಲರೆಂದರೆ ಅಂಗಡಿಯ ಕಷ್ಟವನ್ನು ಒಬ್ಬರೇ ಎದೆಯಲ್ಲಿ ಹೊತ್ತು ತಿರುಗಬೇಕಾಗಿಲ್ಲ.

ಮೂರನೆಯದಾಗಿ, ಬಾಗಿಲು ಮುಚ್ಚುವ ಸಮಯವನ್ನು ತೆರೆಯುವ ಸಮಯದಷ್ಟೇ ಖಚಿತವಾಗಿ ಫಲಕದಲ್ಲಿ ಬರೆಯಿಸಲಿ. ಭಾನುವಾರದ ವಿಶ್ರಾಂತಿ ಒಡೆಯನಿಗೆ ಮಾತ್ರ ಮೀಸಲಲ್ಲ. ಮೋಶೆಗೆ ದೊರೆತ ಕಟ್ಟಳೆಯಲ್ಲಿ ಮಗ, ಮಗಳು, ಆಳು, ದನಕರು, ಮನೆಯಲ್ಲಿ ತಂಗಿರುವ ಪರದೇಶಿಯವರೆಗೆ ಎಲ್ಲರಿಗೂ ವಿಶ್ರಾಂತಿಯನ್ನು ಹೇಳಲಾಗಿದೆ. ದೂರದ ಊರಿನಿಂದ ಬಂದು ನಮ್ಮ ಅಂಗಡಿಯಲ್ಲಿ ದುಡಿಯುವ ಹುಡುಗನಿಗೂ ಒಬ್ಬ ತಾಯಿಯಿದ್ದಾಳೆ.

ನಂದಳಿಕೆಯ ಮಾತುಕತೆ

ಬೆಳ್ಮಣ್ಣಿನ ನೆರೆಯ ನಂದಳಿಕೆ ಕವಿ ಮುದ್ದಣನ ಜನ್ಮಸ್ಥಳ. 1870ರಿಂದ 1901ರವರೆಗೆ ಬಾಳಿದ ಆ ಕವಿಯ 'ಶ್ರೀರಾಮಾಶ್ವಮೇಧ'ವನ್ನು ಓದಿದವರೆಲ್ಲರೂ ಮುದ್ದಣ–ಮನೋರಮೆಯರ ಸಲ್ಲಾಪವನ್ನು ಮರೆಯಲಾರರು. ಗಂಡ ಕಥೆ ಹೇಳುತ್ತಾನೆ. ಹೆಂಡತಿ ಸುಮ್ಮನೆ ಕೇಳುತ್ತ ಕೂರುವವಳಲ್ಲ. ಅವಳು ಪ್ರಶ್ನಿಸುತ್ತಾಳೆ, ಕೆಣಕುತ್ತಾಳೆ, ತನಗೆ ಯಾವ ಬಗೆಯ ಕಥೆ ಬೇಕೆಂದು ಹೇಳುತ್ತಾಳೆ. ಅವಳ ಮಾತಿನಿಂದಲೇ ಕಥೆ ಕಳೆಗಟ್ಟುತ್ತದೆ. ತನ್ನ ಕೆಲಸವನ್ನು ಮಡದಿಯ ಮುಂದಿಟ್ಟು ಅವಳ ವಿಮರ್ಶೆಯನ್ನು ನಗುತ್ತ ಸ್ವೀಕರಿಸುವ ಗಂಡನ ಚಿತ್ರ ನೂರು ವರ್ಷಗಳಿಗೂ ಹಿಂದೆ ನಮ್ಮ ಪಕ್ಕದ ಊರಿನವನ ಲೇಖನಿಯಿಂದ ಮೂಡಿತ್ತು.

ಇಂತಹ ಮಾತುಕತೆಗೆ ತಿಂಗಳಿಗೊಂದು ಸಂಜೆಯನ್ನಾದರೂ ಮೀಸಲಿಡುವುದು ಸ್ವಂತ ಉದ್ಯಮ ನಡೆಸುವ ಮನೆಗಳಲ್ಲಿ ಅತ್ಯಗತ್ಯ. ಆಮೋರಿಯ ಪ್ರಾರ್ಥನೆ ಮುಗಿದ ಮೇಲೆ ಲೆಕ್ಕಪುಸ್ತಕವನ್ನು ಮೇಜಿನ ಮೇಲೆ ತೆರೆದಿಡಿ. ಬಂದದ್ದೆಷ್ಟು, ಹೋದದ್ದೆಷ್ಟು, ಯಾರಿಗೆ ಕೊಡಬೇಕಾಗಿದೆ ಎಂಬುದನ್ನು ಬಿಡಿಸಿ ಹೇಳಿ. ತಿಳಿವಳಿಕೆ ಬಂದ ಮಕ್ಕಳನ್ನೂ ಕೂರಿಸಿಕೊಳ್ಳಿ. ಸಂತ ಎರಡನೆಯ ಜಾನ್ ಪಾಲರು 1981ರಲ್ಲಿ ಮಾನವ ದುಡಿಮೆಯ ಕುರಿತು ಬರೆದ ವಿಶ್ವಪತ್ರದಲ್ಲಿ ದುಡಿಮೆಯು ಕುಟುಂಬಜೀವನಕ್ಕೆ ಆಧಾರವೆಂದೂ ಕುಟುಂಬವು ದುಡಿಮೆಯ ಮೊದಲ ಪಾಠಶಾಲೆಯೆಂದೂ ತಿಳಿಸಿದ್ದಾರೆ. ಪಾಠಶಾಲೆಯೆಂದ ಮೇಲೆ ಮಕ್ಕಳು ಅಂಗಡಿಯಲ್ಲಿ ಕೈಜೋಡಿಸುವುದು ಕಲಿಯುವುದಕ್ಕಾಗಿ. ಓದಿನ ಹೊತ್ತನ್ನು ನುಂಗಿ ಆಳಿನ ಖರ್ಚು ಉಳಿಸುವುದಕ್ಕಾಗಿ ಅಲ್ಲ. ವ್ಯಾಪಾರದ ನಷ್ಟವನ್ನು ಮನೆಯಲ್ಲಿ ಹೇಳಿಕೊಳ್ಳುವುದು ಅವಮಾನವೆಂದು ಭಾವಿಸುವ ಗಂಡಸರಿಗೆ ಒಂದು ಮಾತು: ಮುಚ್ಚಿಟ್ಟ ಸಾಲವನ್ನು ಹೆಂಡತಿ ಪತ್ರದಿಂದ ತಿಳಿಯುವ ಮೊದಲು ಬಾಯಿಂದ ತಿಳಿಯುವುದು ಇಬ್ಬರಿಗೂ ಕ್ಷೇಮ.

ಒಂದು ದಿನದ ದಾರಿ

ಬೆಳ್ಮಣ್ ದೇವಾಲಯವು ಸಂತ ಜೋಸೆಫರ ಹೆಸರನ್ನು ಹೊತ್ತಿದೆ. ಧರ್ಮಸಭೆ ಅವರಿಗೆ ವರ್ಷದಲ್ಲಿ ಎರಡು ಹಬ್ಬಗಳನ್ನು ನೀಡಿದೆ. ಮಾರ್ಚ್ 19ರಂದು ಮರಿಯಮ್ಮನವರ ಪತಿಯೆಂದು ಅವರನ್ನು ಸ್ಮರಿಸುತ್ತೇವೆ. ಮೇ 1ರಂದು ಕಾರ್ಮಿಕರೆಂದು ಸ್ಮರಿಸುತ್ತೇವೆ. ಈ ಎರಡನೆಯ ಹಬ್ಬವನ್ನು 1955ರಲ್ಲಿ ಪೋಪ್ ಹನ್ನೆರಡನೆಯ ಪಿಯುಸರು ಸ್ಥಾಪಿಸಿದರು. ಪಂಚಾಂಗದಲ್ಲಿ ಹಬ್ಬಗಳು ಎರಡಾದರೂ ನಜರೇತಿನ ಆ ಬಡಗಿ ಒಬ್ಬರೇ. ಬೆಳಗ್ಗೆ ಉಳಿ ಹಿಡಿದ ಕೈಯೇ ಸಂಜೆ ಮಗನ ಕೈಯನ್ನೂ ಹಿಡಿಯಬೇಕಾಗಿತ್ತು.

ಇಂತಹ ಮನೆಯಲ್ಲಿಯೂ ಒಮ್ಮೆ ಮಗ ಕಾಣೆಯಾದನು. ಲೂಕನ ಶುಭಸಂದೇಶದಲ್ಲಿ ಬರುವ ಈ ಪ್ರಸಂಗವನ್ನು ನಾವೆಲ್ಲರೂ ಬಲ್ಲೆವು. ಹನ್ನೆರಡು ವರ್ಷದ ಯೇಸು ಜೆರುಸಲೇಮಿನಲ್ಲಿಯೇ ಉಳಿದನು. ತಂದೆತಾಯಿ ಅವನು ಯಾತ್ರಿಕರ ಗುಂಪಿನಲ್ಲಿ ಎಲ್ಲೋ ಇದ್ದಾನೆಂದು ಎಣಿಸಿ ಒಂದು ದಿನದ ದಾರಿ ನಡೆದರು. ನಿರ್ಲಕ್ಷ್ಯದಿಂದಲ್ಲ, ಇದ್ದಾನೆಂಬ ನಂಬಿಕೆಯಿಂದ. ಬಳಿಕ ಹಿಂದಿರುಗಿ ಹುಡುಕಲು ಮೂರು ದಿನಗಳಾದವು. ಉದ್ಯಮ ಕಟ್ಟುವ ತಂದೆತಾಯಂದಿರೂ ಹಾಗೆಯೇ ನಡೆಯುತ್ತಿರುತ್ತಾರೆ. ಮನೆಯಿದೆ, ಊಟವಿದೆ, ಶಾಲೆಯಿದೆ, ಅಜ್ಜಿಯಿದ್ದಾರೆ. ಮಗು ಗುಂಪಿನಲ್ಲಿ ಎಲ್ಲೋ ಇದೆ ಎಂದು ಎಣಿಸುತ್ತಾರೆ. ಆ ಒಂದು ದಿನದ ದಾರಿ ಕೆಲವೊಮ್ಮೆ ನಾಲ್ಕು ವರ್ಷಗಳಷ್ಟು ಉದ್ದವಾಗುತ್ತದೆ. ಜೋಸೆಫರ ಹಿರಿಮೆ ಇರುವುದು ತಿಳಿದೊಡನೆ ಪಯಣವನ್ನು ನಿಲ್ಲಿಸಿ ಹಿಂದಿರುಗಿದುದರಲ್ಲಿ.

ಆರಂಭದಲ್ಲಿ ಹೇಳಿದ ಕುಟುಂಬದ ವಿಷಯಕ್ಕೆ ಬರುತ್ತೇನೆ. ಆ ಗೃಹಸ್ಥರನ್ನು ಕರೆಸಿ ನಾನು ಉಪದೇಶ ಮಾಡಲಿಲ್ಲ. ಅಂದಿನ ನನ್ನ ಭಾಷಣಕ್ಕಾಗಿ ಕ್ಷಮೆ ಕೇಳಿ, ಅರ್ಜಿಯನ್ನು ಅವರ ಮುಂದಿಟ್ಟೆ. ಮಗ ಹಾಕಿದ ಸಹಿಯನ್ನು ಅವರು ಬಹಳ ಹೊತ್ತು ನೋಡಿದರು. "ನನ್ನ ಸಹಿಯ ಹಾಗೆಯೇ ಇದೆ ಫಾದರ್" ಎಂದರು. ಅದರ ಕೆಳಗೆ ತಾವೂ ಸಹಿ ಹಾಕಿದರು. ಮುಂದಿನ ತಿಂಗಳಿನಿಂದ ಅಂಗಡಿ ಎಂಟು ಗಂಟೆಗೆ ಮುಚ್ಚತೊಡಗಿತು. ಅದರಿಂದ ಕೆಲವು ಗಿರಾಕಿಗಳು ಪಕ್ಕದ ಅಂಗಡಿಗೆ ಹೋದರು. ಸಾಲ ತೀರಲು ಎಣಿಸಿದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಮಗನು ಒಡನೆಯೇ ತಂದೆಯೊಡನೆ ಮನಬಿಚ್ಚಿ ಮಾತನಾಡತೊಡಗಿದನೆಂದು ಬರೆದರೆ ಅದು ಸುಳ್ಳಾದೀತು. ಅಡವಿಟ್ಟ ಚಿನ್ನವನ್ನು ಬಿಡಿಸುವುದಕ್ಕಿಂತ ಕಳೆದುಹೋದ ಮಾತನ್ನು ಬಿಡಿಸುವುದು ಕಷ್ಟ. ಆದರೆ ರಾತ್ರಿಯ ಊಟಕ್ಕೆ ನಾಲ್ಕು ತಟ್ಟೆಗಳು ಒಟ್ಟಿಗೆ ಬೀಳತೊಡಗಿದವೆಂದು ಆ ತಾಯಿ ಹೇಳಿದರು.

ಪ್ರಿಯ ವಾಚಕರೇ, ಇಂದಿಗೂ ಹೊಸ ಅಂಗಡಿಗಳನ್ನು ಆಶೀರ್ವದಿಸಲು ನಾನು ಸಂತೋಷದಿಂದ ಹೋಗುತ್ತೇನೆ. ಪವಿತ್ರ ಜಲ ಸಿಂಪಡಿಸಿ, ಪ್ರಾರ್ಥನೆ ಮುಗಿಸಿ, ಕೇಕು ಹಂಚುವ ಮೊದಲು ಮನೆಯವರೆಲ್ಲರ ಸಮ್ಮುಖದಲ್ಲಿ ಒಡೆಯರನ್ನು ಒಂದು ಪ್ರಶ್ನೆ ಕೇಳುತ್ತೇನೆ: "ಬಾಗಿಲನ್ನು ಎಷ್ಟು ಗಂಟೆಗೆ ಮುಚ್ಚುತ್ತೀರಿ?" ಕೆಲವರು ನಗುತ್ತಾರೆ. ಕೆಲವರು ಹೆಂಡತಿಯ ಮುಖ ನೋಡುತ್ತಾರೆ. ಉತ್ತರವನ್ನು ನಾನು ಬರೆದಿಟ್ಟುಕೊಳ್ಳುವುದಿಲ್ಲ. ಅದನ್ನು ನೆನಪಿನಲ್ಲಿ ಇಟ್ಟುಕೊಳ್ಳುವವರು ಆ ಮನೆಯಲ್ಲಿಯೇ ಇರುತ್ತಾರೆ.